ಪಾಮುಕ್ಕಲೆ ಮತ್ತು ಹಿಯೆರಾಪೊಲಿಸ್: ನೀರಿನ ಜಾಡು ಹಿಡಿದು ಮೇಲಿನಿಂದ ಕೆಳಗೆ ನೋಡುವ ಕ್ರಮ

ಕೊಳವೆಬಾವಿಯ ಗಡಸು ನೀರನ್ನು ವರ್ಷಗಟ್ಟಲೆ ಕಾಯಿಸಿದ ಹಂಡೆಯ ಒಳಮೈಯಲ್ಲಿ, ತೆಂಗಿನ ನಾರಿನಿಂದ ಎಷ್ಟು ತಿಕ್ಕಿದರೂ ಬಿಡದೆ ಕಚ್ಚಿಕೊಂಡಿರುವ ಬಿಳಿಯ ಹಕ್ಕಳೆಯನ್ನು ಕಂಡವರಿಗೆ ಪಾಮುಕ್ಕಲೆಯನ್ನು ವಿವರಿಸುವುದು ಸುಲಭ. ಟರ್ಕಿಯ ನೈರುತ್ಯದ ಡೆನಿಜ್ಲಿ ಪ್ರಾಂತ್ಯದಲ್ಲಿ ಅದೇ ಬಗೆಯ ಹಕ್ಕಳೆ ಸುಮಾರು 2.7 ಕಿಲೋಮೀಟರ್ ಉದ್ದಕ್ಕೆ, 160 ಮೀಟರ್ ಎತ್ತರಕ್ಕೆ ಒಂದು ಗುಡ್ಡದ ಮೈಯನ್ನೇ ಆವರಿಸಿಕೊಂಡು ಮೆಟ್ಟಿಲು ಮೆಟ್ಟಿಲಾಗಿ ಇಳಿದಿದೆ. ತುರ್ಕಿ ಭಾಷೆಯಲ್ಲಿ ‘ಪಾಮುಕ್’ ಎಂದರೆ ಹತ್ತಿ, ‘ಕಲೆ’ ಎಂದರೆ ಕೋಟೆ. ಆ ಹತ್ತಿಯ ಕೋಟೆಯ ನೆತ್ತಿಯ ಮೇಲೆ ಹಿಯೆರಾಪೊಲಿಸ್ ಎಂಬ ಪ್ರಾಚೀನ ನಗರದ ಅವಶೇಷಗಳು ಹರಡಿಕೊಂಡಿವೆ. ಎರಡನ್ನೂ ಒಟ್ಟಾಗಿ 1988ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಲಾಯಿತು. ನಿಸರ್ಗ ಮತ್ತು ಸಂಸ್ಕೃತಿ ಎರಡರ ಲೆಕ್ಕದಲ್ಲೂ ಮಾನ್ಯತೆ ಪಡೆದ ಕೆಲವೇ ತಾಣಗಳಲ್ಲಿ ಇದೂ ಒಂದು.

ಇಲ್ಲಿಗೆ ಬರುವವರಲ್ಲಿ ಬಹುಪಾಲು ಜನ ಬೇರೆ ಊರಿನಿಂದ ಪ್ರವಾಸಿ ಬಸ್ಸಿನಲ್ಲಿ ಬಂದು, ಬಿಳಿಯ ಮೆಟ್ಟಿಲುಗಳ ನೀರಿನಲ್ಲಿ ಅರ್ಧ ಗಂಟೆ ಕಾಲಾಡಿಸಿ, ಚಿತ್ರ ತೆಗೆದುಕೊಂಡು, ಅವಶೇಷಗಳತ್ತ ದೂರದಿಂದಲೇ ಕಣ್ಣು ಹಾಯಿಸಿ ಹೊರಡುತ್ತಾರೆ. ನಾನು ಮೊದಲ ಸಲ ಮಾಡಿದ್ದೂ ಹೆಚ್ಚುಕಡಿಮೆ ಅದನ್ನೇ: ಕೆಳಗಿನ ದ್ವಾರದಿಂದ ಬರಿಗಾಲಿನಲ್ಲಿ ಹತ್ತಿ, ಮೇಲೆ ತಲುಪುವಷ್ಟರಲ್ಲಿ ನೆತ್ತಿ ಸುಡುವ ಹೊತ್ತಾಗಿ, ರಂಗಮಂದಿರವನ್ನು ಕೆಳಗಿನಿಂದಲೇ ನೋಡಿ ವಾಪಸಾದೆ. ಎರಡನೆಯ ಸಲ ಕ್ರಮವನ್ನು ತಲೆಕೆಳಗು ಮಾಡಿದಾಗ ಮಾತ್ರ ಈ ಜಾಗ ಅರ್ಥವಾಯಿತು. ಈ ನಗರವನ್ನು ಕಟ್ಟಿಸಿದ್ದೂ ಸಾಕಿದ್ದೂ ಒಂದು ಪಾಲನ್ನು ಹೂತುಹಾಕಿದ್ದೂ ಅದೇ ಬಿಸಿನೀರು. ಆದ್ದರಿಂದ ಮೊದಲು ನಗರವನ್ನು ನೋಡಿ, ಬಳಿಕ ನೀರು ಹರಿಯುವ ದಿಕ್ಕಿನಲ್ಲೇ ಸಂಜೆಯ ಹೊತ್ತಿಗೆ ಕೆಳಗಿಳಿಯಬೇಕು ಎಂಬುದು ನನ್ನ ಸಲಹೆ. ಮುಂದಿನ ಹಂತಗಳೆಲ್ಲ ಆ ಲೆಕ್ಕದಲ್ಲೇ ಇವೆ.

ಮೆಟ್ಟಿಲುಗಳು ಆಗುವುದು ಹೇಗೆ

ನೆಲದಾಳದಲ್ಲಿ ಬಿಸಿಯಾದ ನೀರು ಸುಣ್ಣಕಲ್ಲಿನ ಪದರಗಳ ನಡುವೆ ಹಾದು ಬರುವಾಗ, ಅದರಲ್ಲಿ ಕರಗಿರುವ ಇಂಗಾಲದ ಡೈಆಕ್ಸೈಡ್‌ನ ಬಲದಿಂದ ಸುಣ್ಣವನ್ನು ಕರಗಿಸಿಕೊಂಡು ತರುತ್ತದೆ. ಗುಡ್ಡದ ಮೇಲೆ ಅದು ಹೊರಬಿದ್ದೊಡನೆ ಅನಿಲ ಗಾಳಿಗೆ ಹಾರಿಹೋಗುತ್ತದೆ. ಸುಣ್ಣಕ್ಕೆ ನೀರಿನಲ್ಲಿ ಉಳಿಯಲು ಆಸರೆ ತಪ್ಪುತ್ತದೆ. ಪ್ರತಿ ಲೀಟರ್ ನೀರು ಸುಮಾರು ಅರ್ಧ ಗ್ರಾಂ ಸುಣ್ಣವನ್ನು ಹೀಗೆ ಬಿಟ್ಟುಹೋಗುತ್ತದೆ. ಅದು ಮೊದಲು ಗಂಜಿಯ ಕೆನೆಯಂತೆ ಮೆತ್ತಗೆ ಕೂರುತ್ತದೆ, ಬಳಿಕ ಗಟ್ಟಿಯಾಗಿ ಟ್ರಾವರ್ಟೈನ್ ಎಂಬ ಕಲ್ಲಾಗುತ್ತದೆ. ನೀರು ಅಂಚನ್ನು ದಾಟಿ ತೆಳ್ಳಗೆ ಧುಮುಕುವಲ್ಲಿ ಅನಿಲ ಹೆಚ್ಚು ವೇಗವಾಗಿ ಹೊರಟುಹೋಗುವುದರಿಂದ ಅಂಚೇ ಮೊದಲು ಬೆಳೆಯುತ್ತದೆ. ಅಂಚು ಎತ್ತರವಾದಂತೆ ಹಿಂದೆ ಕೊಳ ನಿಲ್ಲುತ್ತದೆ. ದಕ್ಷಿಣ ಕನ್ನಡದ ಪುತ್ತೂರಿನ ಬಳಿ ಬೆಂದ್ರ್ ತೀರ್ಥದ ಬಿಸಿನೀರನ್ನು ಕಂಡವರು ಅಲ್ಲೇಕೆ ಇಂಥ ಮೆಟ್ಟಿಲುಗಳಿಲ್ಲ ಎಂದು ಕೇಳಬಹುದು. ಬಿಸಿಯೊಂದೇ ಸಾಲದು, ದಾರಿಯಲ್ಲಿ ಸುಣ್ಣಕಲ್ಲೂ ಬೇಕು, ಅದನ್ನು ಕರಗಿಸುವಷ್ಟು ಅನಿಲವೂ ಬೇಕು.

ಹಂತ 1: ಕಾಲ ಮತ್ತು ಕಾಗದಪತ್ರ

ಏಪ್ರಿಲ್–ಮೇ ಅಥವಾ ಸೆಪ್ಟೆಂಬರ್–ಅಕ್ಟೋಬರ್ ತಿಂಗಳುಗಳನ್ನು ಆರಿಸಿಕೊಳ್ಳಿ. ಜುಲೈ–ಆಗಸ್ಟ್‌ನಲ್ಲಿ ಬಿಸಿಲು ಮೇಲಿನಿಂದಷ್ಟೇ ಅಲ್ಲ, ಬಿಳಿಯ ನೆಲದಿಂದ ಪ್ರತಿಫಲಿಸಿ ಗಲ್ಲದ ಕೆಳಗೂ ಸುಡುತ್ತದೆ. ಅವಶೇಷಗಳ ನಡುವೆ ನೆರಳೆಂಬುದು ಅಪರೂಪ. ಚಳಿಗಾಲದಲ್ಲಿ ಜನ ಕಡಿಮೆ, ಆವಿ ಏಳುವ ನೋಟವೂ ಚೆನ್ನ, ಆದರೆ ಕೆಳಗಿನ ಮೆಟ್ಟಿಲುಗಳ ಹೊತ್ತಿಗೆ ನೀರು ತಣ್ಣಗಾಗಿರುವುದರಿಂದ ಬರಿಗಾಲಿನ ನಡಿಗೆ ಶಿಕ್ಷೆಯಂತಾಗುತ್ತದೆ.

ಭಾರತದ ಪಾಸ್‌ಪೋರ್ಟ್ ಇರುವವರಿಗೆ ವೀಸಾ ಬೇಕೇ ಬೇಕು. ಅಮೆರಿಕ, ಬ್ರಿಟನ್, ಐರ್ಲೆಂಡ್ ಅಥವಾ ಷೆಂಗೆನ್ ದೇಶಗಳ ಚಾಲ್ತಿಯಲ್ಲಿರುವ ವೀಸಾ ಅಥವಾ ವಾಸದ ಪರವಾನಗಿ ಉಳ್ಳವರು ಟರ್ಕಿಯ ಇ-ವೀಸಾಕ್ಕೆ ಆನ್‌ಲೈನ್‌ನಲ್ಲಿ ಅರ್ಜಿ ಹಾಕಬಹುದು. ಉಳಿದವರು ಸಾಮಾನ್ಯ ವೀಸಾಕ್ಕಾಗಿ ಮೊದಲೇ ಅರ್ಜಿ ಸಲ್ಲಿಸಬೇಕು. ಯುರೋಪ್ ಅಥವಾ ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರಿಗೆ ಈ ಕಾರಣದಿಂದ ದಾರಿ ಸಲೀಸು; ಬೆಂಗಳೂರಿನಿಂದ ಹೊರಡುವವರು ಈ ಕೆಲಸಕ್ಕೆ ಕೆಲವು ವಾರಗಳನ್ನು ಬದಿಗಿಟ್ಟುಕೊಳ್ಳುವುದು ಒಳಿತು. ನಿಯಮಗಳು ಬದಲಾಗುತ್ತಿರುತ್ತವೆ, ಹಾಗಾಗಿ ಟಿಕೆಟ್ ಕೊಳ್ಳುವ ಮುನ್ನ ಅಧಿಕೃತ ತಾಣವನ್ನೇ ನೋಡಿ.

ಹಂತ 2: ಡೆನಿಜ್ಲಿಯವರೆಗೆ

ಪಾಮುಕ್ಕಲೆ ಒಂದು ಸಣ್ಣ ಊರು. ಅದಕ್ಕೆ ಹೆಬ್ಬಾಗಿಲು ಡೆನಿಜ್ಲಿ ನಗರ, ನಡುವಿನ ದೂರ ಸುಮಾರು 20 ಕಿಲೋಮೀಟರ್. ಇಸ್ತಾನ್‌ಬುಲ್‌ನಿಂದ ಡೆನಿಜ್ಲಿಯ ಚಾರ್ದಕ್ ವಿಮಾನ ನಿಲ್ದಾಣಕ್ಕೆ ಒಂದೂಕಾಲು ಗಂಟೆಯ ಹಾರಾಟ. ಆದರೆ ನಿಲ್ದಾಣವಿರುವುದು ನಗರದಿಂದ 60 ಕಿಲೋಮೀಟರಿಗೂ ಆಚೆ ಎಂಬುದನ್ನು ಸಮಯದ ಲೆಕ್ಕದಲ್ಲಿ ಸೇರಿಸಿಕೊಳ್ಳಿ. ಎಫೆಸಸ್ ಎಂಬ ಪ್ರಾಚೀನ ನಗರವನ್ನು ನೋಡಿಕೊಂಡು ಬರುವವರಿಗೆ ಅದರ ಪಕ್ಕದ ಸೆಲ್ಚುಕ್ ಊರಿನಿಂದ ಡೆನಿಜ್ಲಿಗೆ ರೈಲಿದೆ. ಸುಮಾರು ಮೂರು ಗಂಟೆ ಹಿಡಿಯುವ ಆ ಪಯಣದಲ್ಲಿ ಕಿಟಕಿಯಾಚೆ ಅಂಜೂರದ ತೋಟಗಳು ಸಾಲುಗಟ್ಟಿ ಸರಿಯುತ್ತವೆ. ನನ್ನ ಆಯ್ಕೆ ಯಾವಾಗಲೂ ಈ ರೈಲೇ. ಅಂತಲ್ಯಾ, ಕಪದೋಕ್ಯ ಮತ್ತು ಇಸ್ತಾನ್‌ಬುಲ್‌ಗಳಿಂದ ಬಸ್ಸುಗಳಿವೆ; ಕೊನೆಯ ಎರಡರಿಂದ ಅದು ರಾತ್ರಿಯಿಡೀ ಪ್ರಯಾಣ.

ಇಲ್ಲೊಂದು ಎಚ್ಚರಿಕೆ. ಆ ಸೀಮೆಯಲ್ಲಿ ಪಾಮುಕ್ಕಲೆ ಎಂಬ ಹೆಸರಿನದೇ ಒಂದು ದೊಡ್ಡ ಬಸ್ ಕಂಪನಿ ಇದೆ, ಅದರ ಬಸ್ಸುಗಳು ದೇಶದ ಮೂಲೆಮೂಲೆಗೂ ಓಡುತ್ತವೆ. ಬಸ್ಸಿನ ಮೈಮೇಲೆ ದೊಡ್ಡಕ್ಷರದಲ್ಲಿ ಬರೆದದ್ದನ್ನು ನೋಡಿ ಹತ್ತದೆ, ಮುಂದಿನ ಗಾಜಿನ ಫಲಕವನ್ನು ಓದಿ. ಟಿಕೆಟ್ ಮೇಲೆ ಪಾಮುಕ್ಕಲೆ ಎಂದೇ ಇದ್ದರೂ ದೊಡ್ಡ ಬಸ್ಸುಗಳು ಸಾಮಾನ್ಯವಾಗಿ ಡೆನಿಜ್ಲಿಯ ಬಸ್ ನಿಲ್ದಾಣದಲ್ಲೇ ಇಳಿಸುತ್ತವೆ. ಬೆಳಗಿನ ಜಾವದ ನಿದ್ದೆಗಣ್ಣಿನಲ್ಲಿ ಇಳಿದವರನ್ನು ‘ಉಚಿತ ಗಾಡಿ’ ಎಂದು ಕರೆದು, ತಮಗೆ ಬೇಕಾದ ವಸತಿಗೃಹದ ಬಾಗಿಲಿಗೆ ಕೊಂಡೊಯ್ಯುವವರು ಅಲ್ಲಿರುತ್ತಾರೆ. ಅವರಿಗೆ ನಮಸ್ಕಾರ ಹೇಳಿ ನಿಲ್ದಾಣದ ಕೆಳ ಅಂತಸ್ತಿಗೆ ಇಳಿಯಿರಿ. ಡೊಲ್ಮುಷ್ ಎಂದು ಕರೆಯುವ ಮಿನಿಬಸ್ಸುಗಳು ಅಲ್ಲಿಂದ ಪಾಮುಕ್ಕಲೆಗೂ ಅದರಾಚೆಯ ಕರಹಾಯಿತ್‌ಗೂ ಹೋಗುತ್ತವೆ. ಡೊಲ್ಮುಷ್ ಎಂದರೆ ತುಂಬಿದ್ದು ಎಂದೇ ಅರ್ಥ. ನಮ್ಮ ಹಳ್ಳಿಗಾಡಿನ ಟೆಂಪೊ ಹತ್ತಿ ಅಭ್ಯಾಸವಿದ್ದವರಿಗೆ ಹೆಚ್ಚು ವಿವರಣೆ ಬೇಕಿಲ್ಲ. ನಗರದ ವೃತ್ತದಲ್ಲಿ ಹುಂಜದ ಪ್ರತಿಮೆ ಕಂಡರೆ ಅಚ್ಚರಿಪಡಬೇಡಿ. ದೀರ್ಘವಾಗಿ ಕೂಗುವ ತಳಿಯ ಹುಂಜಕ್ಕೆ ಡೆನಿಜ್ಲಿ ಹೆಸರುವಾಸಿ.

ಹಂತ 3: ಒಂದು ರಾತ್ರಿ ಊರಿನಲ್ಲೇ ತಂಗಿ

ಬಿಳಿಗುಡ್ಡದ ಬುಡದಲ್ಲೇ ಇರುವ ಪಾಮುಕ್ಕಲೆ ಊರಿನಲ್ಲಿ ಕುಟುಂಬಗಳೇ ನಡೆಸುವ ಸಣ್ಣ ವಸತಿಗೃಹಗಳು ಬೇಕಾದಷ್ಟಿವೆ. ಇಲ್ಲಿ ತಂಗುವುದರ ಲಾಭ ಎರಡು: ಪ್ರವಾಸಿ ಬಸ್ಸುಗಳ ಜನಸಂದಣಿ ಇಲ್ಲದ ಬೆಳಗು ಮತ್ತು ಸಂಜೆ ನಿಮಗೆ ಸಿಗುತ್ತವೆ, ಚೀಲಗಳನ್ನು ಕೋಣೆಯಲ್ಲಿಟ್ಟು ಕೈಬೀಸಿ ನಡೆಯಬಹುದು. ಊಟದ ವಿಷಯದಲ್ಲಿ ಸಸ್ಯಾಹಾರಿಗಳಿಗೆ ಆತಂಕ ಬೇಡ. ಆಲೂಗಡ್ಡೆ, ಪಾಲಕ್ ಅಥವಾ ಗಿಣ್ಣನ್ನು ತೆಳುವಾದ ಹಿಟ್ಟಿನ ಹಾಳೆಯಲ್ಲಿ ಮಡಿಚಿ ಕಾವಲಿಯ ಮೇಲೆ ಸುಡುವ ಗೋಜ್ಲೆಮೆ ಎಲ್ಲೆಡೆ ಸಿಗುತ್ತದೆ. ಬೇಳೆಯ ಸೂಪ್ ಸಿಗುತ್ತದೆ, ಆದರೆ ಅದಕ್ಕೆ ಮಾಂಸದ ರಸ ಹಾಕಿರುವುದುಂಟು, ‘ಎತ್‌ಸಿಜ್’ ಎಂದರೆ ಮಾಂಸವಿಲ್ಲದ್ದು ಎಂಬ ಒಂದು ಪದ ನೆನಪಿಟ್ಟುಕೊಂಡು ಕೇಳಿ. ಐರನ್ ಎಂಬ ಪಾನೀಯವನ್ನು ಒಂದು ಗುಟುಕು ಕುಡಿದರೆ ಪರಿಚಯ ಹತ್ತುತ್ತದೆ: ಉಪ್ಪು ಹಾಕಿದ ಮಜ್ಜಿಗೆ, ಇಂಗು-ಕರಿಬೇವಿನ ಒಗ್ಗರಣೆಯೊಂದು ಇಲ್ಲ ಅಷ್ಟೆ.

ಹಿಂದಿನ ರಾತ್ರಿಯೇ ಸಿದ್ಧಪಡಿಸಿಕೊಳ್ಳಬೇಕಾದ ಚೀಲದಲ್ಲಿ ಕುಡಿಯುವ ನೀರು, ಟೋಪಿ, ತಂಪು ಕನ್ನಡಕ, ಸಣ್ಣ ಟವಲು, ಈಜುಡುಗೆ, ಮತ್ತು ಎಲ್ಲಕ್ಕಿಂತ ಮುಖ್ಯವಾಗಿ ಶೂಗಳನ್ನು ತುಂಬಿಕೊಳ್ಳಲು ಒಂದು ಬಟ್ಟೆಯ ಚೀಲ ಇರಲಿ. ಲೇಸ್ ಕಟ್ಟಿ ಕೊರಳಿಗೆ ನೇತುಹಾಕಿಕೊಂಡ ಶೂಗಳು ಜಾರುವ ನೆಲದ ಮೇಲೆ ಎದೆಗೆ ಬಡಿಯುತ್ತ ಸಮತೋಲ ತಪ್ಪಿಸುತ್ತವೆ ಎಂಬುದನ್ನು ನಾನು ಅನುಭವದಿಂದ ಹೇಳುತ್ತಿದ್ದೇನೆ.

ಹಂತ 4: ಉತ್ತರ ದ್ವಾರದಿಂದ, ಸತ್ತವರ ನಗರದ ಮೂಲಕ

ತಾಣಕ್ಕೆ ಮೂರು ದ್ವಾರಗಳಿವೆ. ಊರಿಗೆ ಹೊಂದಿಕೊಂಡ ಕೆಳಗಿನ ದ್ವಾರದಿಂದ ನೇರವಾಗಿ ಬಿಳಿಯ ಮೆಟ್ಟಿಲುಗಳನ್ನು ಹತ್ತಬೇಕು. ದಕ್ಷಿಣ ದ್ವಾರ ಗುಡ್ಡದ ಮೇಲಿದ್ದು, ಪುರಾತನ ಈಜುಕೊಳಕ್ಕೂ ಮೆಟ್ಟಿಲುಗಳ ನೆತ್ತಿಗೂ ಹತ್ತಿರ. ಮಂಡಿನೋವಿನ ಹಿರಿಯರು ಜೊತೆಗಿದ್ದರೆ ಅದೇ ಸರಿ. ಉತ್ತರ ದ್ವಾರ ಎಲ್ಲಕ್ಕಿಂತ ದೂರದ್ದು, ಆ ಕಾರಣಕ್ಕೇ ಶಾಂತವಾದದ್ದು. ಬೆಳಿಗ್ಗೆ ಕರಹಾಯಿತ್ ಕಡೆಗೆ ಹೋಗುವ ಡೊಲ್ಮುಷ್ ಹತ್ತಿ ಉತ್ತರ ದ್ವಾರದ ಬಳಿ ಇಳಿಸುವಂತೆ ಚಾಲಕನಿಗೆ ಹೇಳಿ. ಟಿಕೆಟ್ಟನ್ನು ಒಂದೇ ಸಲದ ಪ್ರವೇಶಕ್ಕೆಂದು ಭಾವಿಸಿ ಇಡೀ ದಿನದ ತಯಾರಿಯೊಂದಿಗೆ ಒಳಹೋಗಿ. ವಿದೇಶಿಯರ ದರ ಮೇಲಿಂದ ಮೇಲೆ ಪರಿಷ್ಕರಣೆಯಾಗುತ್ತದೆ, ಅಗ್ಗದ್ದಂತೂ ಅಲ್ಲ. ಟರ್ಕಿಯಲ್ಲಿ ಇನ್ನೂ ಮೂರ್ನಾಲ್ಕು ಪ್ರಾಚೀನ ತಾಣಗಳನ್ನು ನೋಡುವವರಿಗೆ ವಸ್ತುಸಂಗ್ರಹಾಲಯಗಳ ಒಟ್ಟು ಪಾಸ್ ಲಾಭವಾಗಬಹುದು, ಕೂಡಿಸಿ ನೋಡಿ.

ಒಳಗೆ ಕಾಲಿಟ್ಟರೆ ಮೊದಲು ಎದುರಾಗುವುದು ಸ್ಮಶಾನ. ಉತ್ತರದ ಈ ಸಮಾಧಿ ನೆಲ ಸುಮಾರು ಎರಡು ಕಿಲೋಮೀಟರ್ ಉದ್ದಕ್ಕೆ ಹಬ್ಬಿದ್ದು, ಸಾವಿರಕ್ಕೂ ಹೆಚ್ಚು ಗೋರಿಗಳಿವೆ. ದುಂಡನೆಯ ಮಣ್ಣುದಿಬ್ಬದ ಗೋರಿಗಳು, ಮನೆಯಂತೆಯೇ ಬಾಗಿಲು-ಸೂರು ಇರುವ ಗೋರಿಗಳು, ಮುಚ್ಚಳ ಜಾರಿದ ಕಲ್ಲಿನ ಶವಪೆಟ್ಟಿಗೆಗಳು ಹೀಗೆ ನಾನಾ ಬಗೆ. ಬಿಸಿನೀರಿನಿಂದ ರೋಗ ವಾಸಿಯಾಗುತ್ತದೆಂಬ ನಂಬಿಕೆಯಿಂದ ದೂರದೂರದಿಂದ ಬಂದು ಇಲ್ಲೇ ಕೊನೆಯುಸಿರೆಳೆದವರೂ ಇವರಲ್ಲಿದ್ದಾರೆ. ಇಲ್ಲಿ ಆತುರಪಡಬಾರದು. ದಾರಿಯ ಬದಿಯಲ್ಲಿ ಹಕ್ಕಳೆಯ ಬಿಳಿಗಲ್ಲು ಗೋಡೆಯ ಅರ್ಧದವರೆಗೂ ಏರಿ ನುಂಗಿಕೊಂಡಿರುವ ಒಂದು ಮನೆಗೋರಿಯಿದೆ. ಮಳೆಗಾಲದ ನೆರೆಯಲ್ಲಿ ಮುಳುಗುತ್ತಿರುವ ಮನೆಯ ಚಿತ್ರವೊಂದು ಹಾಗೆಯೇ ಕಲ್ಲಾದಂತೆ ಅದು ನಿಂತಿದೆ. ಕಾಲುವೆ ದಾರಿ ತಪ್ಪಿ, ಸುಣ್ಣದ ನೀರು ಮನಬಂದಂತೆ ಹರಿದರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇರೆ ಬೇಡ.

ಈ ಸ್ಮಶಾನದ ಇಬ್ಬರು ನಿವಾಸಿಗಳನ್ನು ಹೆಸರಿಟ್ಟು ಹೇಳಲೇಬೇಕು. ನಗರದ್ವಾರದ ಹೊರಗೇ ಇರುವ ಫ್ಲಾವಿಯಸ್ ಜ್ಯೂಕ್ಸಿಸ್‌ನ ಗೋರಿಯ ಮೇಲಿನ ಗ್ರೀಕ್ ಶಾಸನದ ಪ್ರಕಾರ, ಈ ವ್ಯಾಪಾರಿ ಗ್ರೀಸಿನ ಮಲೇಯ ಭೂಶಿರವನ್ನು ಬಳಸಿ ಇಟಲಿಗೆ 72 ಸಲ ಹಡಗಿನಲ್ಲಿ ಹೋಗಿದ್ದ. ಮಲೇಯ ನಾವಿಕರಿಗೆ ನಡುಕ ಹುಟ್ಟಿಸುತ್ತಿದ್ದ ಬಿರುಗಾಳಿಯ ಜಾಗ. ಎಣಿಕೆ ಇಟ್ಟು ಕಲ್ಲಿನಲ್ಲಿ ಕೆತ್ತಿಸಿದ್ದರ ಹಿಂದಿನ ಹೆಮ್ಮೆ ಅರ್ಥವಾಗುವಂಥದ್ದೇ. ಇನ್ನೊಬ್ಬ ಮಾರ್ಕಸ್ ಔರೇಲಿಯಸ್ ಅಮ್ಮಿಯಾನೋಸ್. ಚಕ್ರವರ್ತಿಯ ಹೆಸರನ್ನು ಹೊತ್ತ ಒಬ್ಬ ಗಿರಣಿಗಾರ. ಕ್ರಿ.ಶ. 3ನೆಯ ಶತಮಾನದ ಅವನ ಶವಪೆಟ್ಟಿಗೆಯ ಮೇಲೆ, ನೀರಿನ ಚಕ್ರದಿಂದ ನಡೆಯುವ ಕಲ್ಲು ಕೊಯ್ಯುವ ಗರಗಸದ ಯಂತ್ರದ ಚಿತ್ರವಿದೆ. ಚಕ್ರದ ತಿರುಗುವಿಕೆಯನ್ನು ಗರಗಸದ ಹಿಂದೆಮುಂದೆ ಚಲನೆಯಾಗಿ ಬದಲಿಸುವ ವಕ್ರದಂಡ ಮತ್ತು ಜೋಡುಸರಳುಗಳ ಜೋಡಣೆಗೆ ಇದುವರೆಗೆ ಸಿಕ್ಕಿರುವ ಅತ್ಯಂತ ಹಳೆಯ ಪುರಾವೆಗಳಲ್ಲಿ ಇದು ಸೇರಿದೆ. ಇಂದಿನ ಎಂಜಿನ್ನುಗಳ ಹೊಟ್ಟೆಯಲ್ಲಿ ಇರುವುದೂ ಇದೇ ಜೋಡಿ.

ಹಂತ 5: ಫ್ರಾಂಟಿನಸ್ ಬೀದಿಯಿಂದ ಯಮನ ಬಾಗಿಲಿಗೆ

ಸ್ನಾನಗೃಹವಾಗಿ ಹುಟ್ಟಿ ಮುಂದೆ ಚರ್ಚಾದ ಒಂದು ಬೃಹತ್ ಕಟ್ಟಡವನ್ನು ದಾಟಿದರೆ ಮೂರು ಕಮಾನುಗಳ, ಎರಡು ದುಂಡು ಬುರುಜುಗಳ ನಗರದ್ವಾರ ಎದುರಾಗುತ್ತದೆ. ಕ್ರಿ.ಶ. 60ರಲ್ಲಿ, ನೀರೋನ ಕಾಲದಲ್ಲಿ, ಭೂಕಂಪಕ್ಕೆ ಸಿಕ್ಕಿ ನೆಲಸಮವಾದ ನಗರವನ್ನು ರೋಮನ್ನರು ಮತ್ತೆ ಕಟ್ಟಿದರು. ಇಂದು ನಾವು ನೋಡುವುದು ಹೆಚ್ಚಾಗಿ ಆ ಮರುನಿರ್ಮಾಣವನ್ನೇ. ಅದಕ್ಕೂ ಮೊದಲು ಈ ಊರು ಪೆರ್ಗಮನ್‌ನ ಅರಸರದಾಗಿತ್ತು, ಕ್ರಿ.ಪೂ. 133ರಲ್ಲಿ ಅವರ ರಾಜ್ಯದೊಂದಿಗೆ ರೋಮಿನ ಕೈಸೇರಿತು. ಈ ದ್ವಾರವನ್ನು ಕ್ರಿ.ಶ. 84ರ ಸುಮಾರಿಗೆ ಚಕ್ರವರ್ತಿ ಡೊಮಿಷಿಯನ್‌ನ ಗೌರವಾರ್ಥ ಕಟ್ಟಿಸಿದವನು ಪ್ರಾಂತ್ಯಾಧಿಕಾರಿ ಸೆಕ್ಸ್‌ಟಸ್ ಜೂಲಿಯಸ್ ಫ್ರಾಂಟಿನಸ್. ಮುಂದೆ ರೋಮ್ ನಗರದ ನೀರು ಸರಬರಾಜಿನ ಹೊಣೆ ಹೊತ್ತು, ಅಲ್ಲಿನ ಮೇಲ್ಗಾಲುವೆಗಳ ಬಗ್ಗೆ ವಿವರವಾಗಿ ಬರೆದವನೂ ಇವನೇ. ನೀರಿನ ಊರಿನಲ್ಲಿ ಅಧಿಕಾರ ನಡೆಸಿದವನಿಗೆ ಒಪ್ಪುವ ಬಡ್ತಿ.

ದ್ವಾರದಿಂದ ಒಳಕ್ಕೆ ಸಾಗುವ, ಅವನದೇ ಹೆಸರಿನ, ಸುಮಾರು 14 ಮೀಟರ್ ಅಗಲದ ಕಲ್ಲುಹಾಸಿನ ಬೀದಿಯನ್ನು ಅಗೆಯಲು ಆರಂಭಿಸಿದಾಗ ಅದು ಎರಡು ಮೀಟರ್ ದಪ್ಪದ ಸುಣ್ಣದ ಪದರದಡಿ ಹೂತುಹೋಗಿತ್ತು. 1957ರಿಂದ ಇಲ್ಲಿ ಉತ್ಖನನ ನಡೆಸುತ್ತಿರುವ ಇಟಲಿಯ ತಂಡದವರು ಮಣ್ಣನ್ನಲ್ಲ, ಕಲ್ಲನ್ನೇ ಒಡೆಯಬೇಕಾಯಿತು. ದ್ವಾರದ ಪಕ್ಕದಲ್ಲೇ ಇರುವ ಸಾರ್ವಜನಿಕ ಶೌಚಾಲಯವನ್ನು ನೋಡಲು ಸಂಕೋಚಪಡಬೇಡಿ, ಬಹಳ ಚೆನ್ನಾಗಿ ಉಳಿದಿದೆ. ಬೀದಿಯ ಎಡಕ್ಕೆ ಹರಡಿದ ವಿಶಾಲ ಬಯಲು ಒಂದು ಕಾಲದ ಮಾರುಕಟ್ಟೆ. ಇಲ್ಲಿನ ಶಾಸನಗಳಲ್ಲಿ ಉಣ್ಣೆ ತೊಳೆಯುವವರ, ಬಣ್ಣಗಾರರ, ಜಮಖಾನ ನೇಯುವವರ ಸಂಘಗಳ ಹೆಸರುಗಳು ಬರುತ್ತವೆ. ಇಲ್ಲಿಯ ನೀರಿನಲ್ಲಿ ಬೇರುಗಳ ಬಣ್ಣ ಉಣ್ಣೆಗೆ ಬಲು ಚೆನ್ನಾಗಿ ಹಿಡಿಯುತ್ತದೆ ಎಂದು ಪ್ರಾಚೀನ ಭೂಗೋಳಜ್ಞ ಸ್ಟ್ರೇಬೊ ಬರೆದಿದ್ದಾನೆ. ಡೆನಿಜ್ಲಿ ಇವತ್ತಿಗೂ ಟವಲು, ಹತ್ತಿಬಟ್ಟೆಗಳ ಊರು. ಊರಿನ ಅಂಗಡಿಯಲ್ಲಿ ಕೊಳ್ಳುವುದಿದ್ದರೆ ಅದನ್ನೇ ಕೊಳ್ಳಿ.

ಅದೇ ಸ್ಟ್ರೇಬೊ ಹೇಳುವ ಇನ್ನೊಂದು ಸಂಗತಿ ನನಗೆ ಬಹಳ ಪ್ರಿಯ: ಇಲ್ಲಿಯ ರೈತರು ಹೊಲದ ಅಂಚಿನ ಕಾಲುವೆಗಳಲ್ಲಿ ಈ ನೀರನ್ನು ಹರಿಯಬಿಟ್ಟು, ಅದು ಕಲ್ಲಾದ ಮೇಲೆ ಅಖಂಡ ಬೇಲಿಯಾಗಿ ಬಳಸುತ್ತಿದ್ದರಂತೆ. ಬೀದಿಯಿಂದ ಕೆಳಗೆ ನಡೆಯುವಾಗ ನೆಲದಿಂದ ಮೊಣಕಾಲೆತ್ತರಕ್ಕೆ ಎದ್ದ ಸಪೂರ ಕಲ್ಲುದಿಂಡುಗಳನ್ನು ಗಮನಿಸಿ. ಮೇಲ್ಗಡೆ ನಡುವೆ ಸಣ್ಣ ಕಾಲುವೆ ಕಾಣುತ್ತದೆ. ನೀರು ತನ್ನ ದಡವನ್ನು ತಾನೇ ಕಟ್ಟಿಕೊಳ್ಳುತ್ತ, ತಾನೇ ಮೇಲೇರುತ್ತ ಹೋದ ಗುರುತು ಅದು.

ಬೀದಿ ಮುಗಿಸಿ ಅಪೊಲೊ ದೇವಾಲಯದ ಬಳಿ ಬಂದರೆ ಪ್ಲೂಟೋನಿಯನ್ ಸಿಗುತ್ತದೆ. ಪಾತಾಳದ ದೇವರು ಪ್ಲೂಟೊನ ಲೋಕಕ್ಕೆ ಇದೇ ಬಾಗಿಲೆಂದು ನಂಬಿದ್ದ ಗುಹೆ. ಒಳಗಿಂದ ಬರುವ ಮಂಜಿನಂಥ ಆವಿಗೆ ಸಿಕ್ಕ ಎತ್ತುಗಳು ಕುಸಿದು ಸಾಯುತ್ತಿದ್ದವು, ತಾನೇ ಬಿಟ್ಟ ಗುಬ್ಬಿಗಳು ತಕ್ಷಣ ಸತ್ತುಬಿದ್ದವು, ಆದರೆ ಸಿಬೆಲೆ ದೇವಿಯ ಪೂಜಾರಿಗಳಿಗೆ ಮಾತ್ರ ಏನೂ ಆಗುತ್ತಿರಲಿಲ್ಲ ಎಂದು ಸ್ಟ್ರೇಬೊ ದಾಖಲಿಸಿದ್ದಾನೆ; ಪೂಜಾರಿಗಳು ಉಸಿರು ಬಿಗಿಹಿಡಿದಂತೆ ಕಾಣುತ್ತಿತ್ತೆಂಬ ಅನುಮಾನವನ್ನೂ ಅವನು ಬಿಟ್ಟಿಲ್ಲ. 2013ರಲ್ಲಿ ಇಟಲಿಯ ಪುರಾತತ್ತ್ವಜ್ಞ ಫ್ರಾಂಚೆಸ್ಕೊ ದಾಂದ್ರಿಯ ಈ ಜಾಗವನ್ನು ಪತ್ತೆಹಚ್ಚಿದ್ದನ್ನು ಪ್ರಕಟಿಸಿದರು. ಬಳಿಕ ಜರ್ಮನಿಯ ಹಾರ್ಡಿ ಫ್ಯಾನ್ಸ್ ಅವರ ತಂಡ ಅನಿಲವನ್ನು ಅಳೆದು, ಗುಟ್ಟನ್ನು 2018ರಲ್ಲಿ ವಿವರಿಸಿತು. ನೆಲದ ಬಿರುಕಿನಿಂದ ಬರುವ ಇಂಗಾಲದ ಡೈಆಕ್ಸೈಡ್ ಗಾಳಿಗಿಂತ ಭಾರವಾದ್ದರಿಂದ ರಾತ್ರಿಯಿಡೀ ನೆಲಮಟ್ಟದಲ್ಲಿ ಕೆರೆಯಂತೆ ನಿಲ್ಲುತ್ತದೆ, ಬಿಸಿಲೇರಿದಂತೆ ಚದುರುತ್ತದೆ. ಎತ್ತಿನ ಮೂಗು ಆ ಕೆರೆಯೊಳಗೆ, ನಿಂತ ಪೂಜಾರಿಯ ಮೂಗು ಅದರ ಮೇಲೆ. ಈಗಲೂ ಕೀಟಗಳೂ ಹಕ್ಕಿಗಳೂ ಅಲ್ಲಿ ಸಾಯುತ್ತವೆ. ಬೇಲಿಯನ್ನು ಗೌರವಿಸಿ, ಹೊರಗೆ ನಿಂತೇ ನೋಡಿ, ಮಕ್ಕಳನ್ನು ಕೈಬಿಡಬೇಡಿ. ಮೆಟ್ಟಿಲುಗಳನ್ನು ಕಟ್ಟುತ್ತಿರುವುದೂ ಇದೇ ಅನಿಲ ಎಂಬುದನ್ನು ಇಲ್ಲಿ ನೆನೆಯಬೇಕು.

ಹಂತ 6: ರಂಗಮಂದಿರ, ಶಕ್ತಿಯಿದ್ದರೆ ಫಿಲಿಪ್ಪನ ಗುಡ್ಡ

ರಂಗಮಂದಿರ ಇಡೀ ತಾಣದ ಕಿರೀಟ. ಕ್ರಿ.ಶ. 2ನೆಯ ಶತಮಾನದಲ್ಲಿ ಕಟ್ಟಲು ಆರಂಭಿಸಿ, ರೋಮನ್ ಚಕ್ರವರ್ತಿ ಸೆಪ್ಟಿಮಿಯಸ್ ಸೆವೆರಸ್‌ನ ಕಾಲದಲ್ಲಿ ರಂಗದ ಹಿಂಗೋಡೆಯನ್ನು ಅಪೊಲೊ, ಆರ್ಟೆಮಿಸ್, ಡಯೊನೈಸಸ್ ದೇವತೆಗಳ ಉಬ್ಬುಶಿಲ್ಪಗಳಿಂದ ಸಿಂಗರಿಸಿದರು. ಪ್ರವೇಶ ಮೇಲಿನಿಂದ, ಒಮ್ಮೆಲೇ ಕಣ್ಣಮುಂದೆ ಆಳವಾದ ಬಟ್ಟಲು ತೆರೆದುಕೊಂಡಂತೆ ಆಗುತ್ತದೆ. ಆಸನದ ಸಾಲಿನಲ್ಲಿ ಕುಳಿತು ತಂದ ತಿಂಡಿಯನ್ನು ಇಲ್ಲೇ ಮುಗಿಸದೆ, ಹೊರಗೆ ಬಂದು ತಿನ್ನಿ.

ಇನ್ನೂ ಮೇಲೆ, ಕಡಿದಾದ ದಾರಿಯಲ್ಲಿ ಕಾಲು ಗಂಟೆ ಹತ್ತಿದರೆ, ಯೇಸುವಿನ ಶಿಷ್ಯ ಫಿಲಿಪ್ಪನು ಹುತಾತ್ಮನಾದನೆಂದು ನಂಬುವ ಜಾಗದಲ್ಲಿ 5ನೆಯ ಶತಮಾನದ ಎಂಟುಮೂಲೆಯ ಸ್ಮಾರಕವಿದೆ. ಅದರ ಸಮೀಪದ ಚರ್ಚಿನಲ್ಲಿ ಫಿಲಿಪ್ಪನ ಸಮಾಧಿ ಸಿಕ್ಕಿತೆಂದು ದಾಂದ್ರಿಯ 2011ರಲ್ಲಿ ಘೋಷಿಸಿದರು. ಹತ್ತಿನಲ್ಲಿ ಎಂಟು ಜನ ಇಲ್ಲಿಗೆ ಬರುವುದೇ ಇಲ್ಲ; ಹಾಗಾಗಿ ಗಾಳಿಯ ಸದ್ದನ್ನು ಕೇಳುತ್ತ, ಕೆಳಗೆ ಬೂದು ನಗರ, ಅದರ ಕೆಳಗೆ ಬಿಳಿಯ ಅಂಚು, ಅದರಾಚೆ ಹಸಿರು ಬಯಲು ಎಂಬ ಮೂರು ಪಟ್ಟಿಗಳನ್ನು ಒಟ್ಟಿಗೆ ನೋಡಬಹುದು. ದಾಸನಾಗಿ ಹುಟ್ಟಿ ತತ್ತ್ವಜ್ಞಾನಿಯಾದ ಎಪಿಕ್ಟೀಟಸ್ ಕ್ರಿ.ಶ. 50ರ ಸುಮಾರಿಗೆ ಕಣ್ಣುಬಿಟ್ಟದ್ದು ಈ ಊರಿನಲ್ಲೇ.

ಹಂತ 7: ನಡುಮಧ್ಯಾಹ್ನಕ್ಕೆ ಸೂರಿನಡಿ, ಆಮೇಲೆ ನೀರಿಗೆ

ಬಿಸಿಲು ನೆತ್ತಿಗೇರಿದಾಗ ವಸ್ತುಸಂಗ್ರಹಾಲಯಕ್ಕೆ ಹೋಗಿ. ರೋಮನ್ ಸ್ನಾನಗೃಹದ ದಪ್ಪ ಗೋಡೆಗಳ, ಕಮಾನು ಛಾವಣಿಯ ಕೋಣೆಗಳನ್ನೇ 1984ರಲ್ಲಿ ಸಂಗ್ರಹಾಲಯವಾಗಿ ತೆರೆದಿರುವುದರಿಂದ ಒಳಗೆ ತಂಪು. ಇಲ್ಲಿನ ನಾಣ್ಯಗಳ ಮುಂದೆ ಕನ್ನಡಿಗರು ಒಂದು ಕ್ಷಣ ನಿಲ್ಲಲಿ: ಚಿತ್ರದುರ್ಗದ ಚಂದ್ರವಳ್ಳಿಯಲ್ಲೂ ರೋಮನ್ ಚಕ್ರವರ್ತಿಗಳಾದ ಆಗಸ್ಟಸ್ ಮತ್ತು ಟೈಬೀರಿಯಸರ ಬೆಳ್ಳಿ ನಾಣ್ಯಗಳು ಸಿಕ್ಕಿವೆ. ಹಿಯೆರಾಪೊಲಿಸ್ ಕ್ರಿ.ಶ. 17ರ ಭೂಕಂಪಕ್ಕೆ ತತ್ತರಿಸಿದ್ದು ಅದೇ ಟೈಬೀರಿಯಸನ ಆಳ್ವಿಕೆಯಲ್ಲಿ.

ಪಕ್ಕದ ಪುರಾತನ ಈಜುಕೊಳಕ್ಕೆ ಬೇರೆಯೇ ಶುಲ್ಕವಿದೆ. ಕ್ಲಿಯೋಪಾತ್ರಳ ಕೊಳ ಎಂದು ಫಲಕಗಳು ಕೂಗಿ ಹೇಳುತ್ತವೆ. ಅವಳು ಬಂದಿದ್ದಳೆಂಬುದಕ್ಕೆ ಆಧಾರವಿಲ್ಲ, ಆ ಹೆಸರಿಗಾಗಿ ಹಣ ಕೊಡಬೇಕಿಲ್ಲ. ಆದರೆ ಸುಮಾರು 36 ಡಿಗ್ರಿ ಸೆಲ್ಸಿಯಸ್ ಬೆಚ್ಚಗಿನ ತಿಳಿನೀರಿನ ತಳದಲ್ಲಿ ಭೂಕಂಪಕ್ಕೆ ಉರುಳಿದ ಅಮೃತಶಿಲೆಯ ಕಂಬಗಳು ಬಿದ್ದಿವೆ, ಅವುಗಳ ನಡುವೆ ಈಜಬಹುದು. ಮುಂಗೈಯ ಕೂದಲಿನ ಮೇಲೆ ಸೋಡಾದಂತೆ ಸಣ್ಣ ಗುಳ್ಳೆಗಳು ಅಂಟಿಕೊಳ್ಳುತ್ತವೆ, ಕೈ ಅಲುಗಿಸಿದರೆ ಮೇಲೇಳುತ್ತವೆ, ಮತ್ತೆ ಹೊಸವು ಬಂದು ಕೂರುತ್ತವೆ. ಕಂಬಗಳ ಮೇಲೆ ಪಾಚಿ ಜಾರುತ್ತದೆ, ಮೊಣಕಾಲಿಗೆ ಪೆಟ್ಟು ಬೀಳುವುದು ಇಲ್ಲಿಯೇ. ಹೃದಯ ಅಥವಾ ರಕ್ತದೊತ್ತಡದ ತೊಂದರೆ ಇರುವವರು ವೈದ್ಯರನ್ನು ಕೇಳದೆ ಹೆಚ್ಚು ಹೊತ್ತು ಮುಳುಗಿರಬಾರದು. ಜನ ಕಿಕ್ಕಿರಿದಿದ್ದರೆ ಹೊರಗಿನಿಂದ ನೋಡಿ ಮುಂದೆ ನಡೆಯಿರಿ, ನಷ್ಟವೇನಿಲ್ಲ.

ಹಂತ 8: ನೀರಿನ ಜೊತೆ ಇಳಿಯುವುದು

ಸೂರ್ಯಾಸ್ತಕ್ಕೆ ಎರಡು ಗಂಟೆ ಮೊದಲು ಮೆಟ್ಟಿಲುಗಳ ನೆತ್ತಿಗೆ ಬನ್ನಿ. ಬಿಳಿಯ ನೆಲ ಆರಂಭವಾಗುವ ಗೆರೆಯಲ್ಲೇ ಶೂ, ಚಪ್ಪಲಿ, ಕಾಲುಚೀಲ ಎಲ್ಲವನ್ನೂ ಕಳಚಬೇಕು. ಸುಣ್ಣದ ಹೊಸ ಪದರ ಮೆತ್ತಗಿರುತ್ತದೆ, ಶೂಗಳ ಅಟ್ಟೆ ಅದನ್ನು ಕೆಡಿಸಿ ಕಪ್ಪು ಮಾಡುತ್ತದೆ. ತಪ್ಪಿದರೆ ಕಾವಲುಗಾರನ ಸೀಟಿ ಕಿವಿಗೆ ಬಡಿಯುತ್ತದೆ. ಈ ಗುಡ್ಡದ ಮೇಲೆ ಅತಿ ಹೆಚ್ಚು ಕೇಳಿಬರುವ ಸದ್ದೇ ಅದು.

ಮನಸ್ಸಿನಲ್ಲಿಟ್ಟುಕೊಂಡು ಬಂದ ಚಿತ್ರಕ್ಕೂ ಇಲ್ಲಿ ಕಾಣುವುದಕ್ಕೂ ವ್ಯತ್ಯಾಸವಿದೆ, ಅದನ್ನು ಮೊದಲೇ ಹೇಳುವುದು ನ್ಯಾಯ. ಜಾಹೀರಾತುಗಳಲ್ಲಿ ತುಂಬಿ ತುಳುಕುವ ನೀಲಿ ಕೊಳಗಳಲ್ಲಿ ಹಲವು ಇಂದು ಬರಿದಾಗಿರುತ್ತವೆ. ಕಳೆದ ಶತಮಾನದಲ್ಲಿ ಅವಶೇಷಗಳ ಮೇಲೆಯೇ ಹೋಟೆಲುಗಳು ಎದ್ದು ಬಿಸಿನೀರನ್ನು ತಮ್ಮ ಕೊಳಗಳಿಗೆ ಎಳೆದುಕೊಂಡವು, ಮೆಟ್ಟಿಲುಗಳ ಮೈಮೇಲೆ ವಾಹನಗಳ ರಸ್ತೆಯನ್ನೂ ಹಾಕಲಾಯಿತು. ವಿಶ್ವ ಪರಂಪರೆಯ ಮಾನ್ಯತೆಯ ಬಳಿಕ ಆ ಹೋಟೆಲುಗಳನ್ನು ಕೆಡವಲಾಯಿತು, ರಸ್ತೆಯನ್ನು ಮುಚ್ಚಿ ಅದರ ಜಾಡಿನಲ್ಲೇ ಕೃತಕ ಕೊಳಗಳನ್ನು ಕಟ್ಟಲಾಯಿತು. ಈಗ ನಾವು ನಡೆಯುವುದು ಆ ಹಳೆಯ ರಸ್ತೆಯ ಮೇಲೆ. ನಿಸರ್ಗದ ಕೊಳಗಳಿಗೆ ಪಾಳಿಯ ಪ್ರಕಾರ ನೀರು ಬಿಡುತ್ತಾರೆ, ಕಾಲುವೆ ನೀರಿಗೆ ಸರದಿ ಕಾಯುವ ಗದ್ದೆಗಳಂತೆಯೇ. ನೀರು ಸದಾ ನಿಂತರೆ ಪಾಚಿ ಬೆಳೆದು ಬಿಳಿ ಹೋಗುತ್ತದೆ, ನಡುನಡುವೆ ಒಣಗಲು ಬಿಡಬೇಕು. ಆದ್ದರಿಂದ ಬರಿದಾದ ಕೊಳ ಕಂಡರೆ ಬೇಸರಪಡಬೇಡಿ, ಹಗ್ಗ ದಾಟಿ ತುಂಬಿದ ಕೊಳಕ್ಕೆ ಇಳಿಯಲೂಬೇಡಿ.

ನಡಿಗೆಯ ಬಗ್ಗೆ ಎರಡು ಮಾತು. ನೋಡಲು ಮಂಜುಗಡ್ಡೆಯಂತಿದ್ದರೂ ನೆಲ ಅಷ್ಟೇನೂ ಜಾರುವುದಿಲ್ಲ. ಬೆರಳ ಗೆರೆಗಳಂಥ ಸಣ್ಣ ಏಣುಗಳು ಅಂಗಾಲಿಗೆ ಹಿಡಿತ ಕೊಡುತ್ತವೆ, ಹತ್ತು ಹೆಜ್ಜೆಯ ಬಳಿಕ ಅವೇ ಏಣುಗಳು ಚುಚ್ಚಲೂ ತೊಡಗುತ್ತವೆ. ನೀರು ತೆಳ್ಳಗೆ ಹರಿಯುವಲ್ಲಿ ಹಿಡಿತ ಚೆನ್ನ. ಕೊಳದ ತಳದಲ್ಲಿ ಬಿಳಿಯ ಕೆಸರು ನಿಂತಲ್ಲಿ ಜಾರುತ್ತದೆ. ಇಳಿಯುವಾಗ ಭಾರವನ್ನು ಹಿಮ್ಮಡಿಯ ಮೇಲೆ ಹಾಕದೆ ಇಡೀ ಪಾದವನ್ನು ಊರಿ, ಹೆಜ್ಜೆ ಚಿಕ್ಕದಾಗಿರಲಿ. ನೆತ್ತಿಯಲ್ಲಿ ಸುಮಾರು 35 ಡಿಗ್ರಿ ಬೆಚ್ಚಗಿದ್ದ ನೀರು ಒಂದೊಂದೇ ಕೊಳ ದಾಟಿದಂತೆ ಆರುತ್ತ ಬರುವುದನ್ನು ಕಾಲೇ ಅಳೆದು ಹೇಳುತ್ತದೆ. ಮುಂದೆ ಪಡುವಣ ಬಯಲಿನ ಮೇಲೆ ಸೂರ್ಯ ಇಳಿಯುತ್ತಿದ್ದಂತೆ ಬಿಳಿಯ ಗೋಡೆಗಳಿಗೆ ಮೊದಲು ಹಳದಿ, ಬಳಿಕ ಕುಂಕುಮದ ಬಣ್ಣ ಹತ್ತುತ್ತದೆ. ಮುಕ್ಕಾಲು ಗಂಟೆಯಲ್ಲಿ ಕೆಳಗಿನ ದ್ವಾರ ಸಿಗುತ್ತದೆ. ಬೆಂಚಿನ ಮೇಲೆ ಕುಳಿತು ಟವಲಿನಿಂದ ಕಾಲೊರೆಸಿ ಶೂ ಹಾಕಿಕೊಂಡರೆ ವಸತಿಗೃಹ ಅಲ್ಲೇ.

ಹಂತ 9: ಮರುದಿನ ಬೆಳಿಗ್ಗೆ

ಸಮಯವಿದ್ದರೆ ಐದು ಕಿಲೋಮೀಟರ್ ದೂರದ ಕರಹಾಯಿತ್‌ಗೆ ಹೋಗಿ ಬನ್ನಿ. ಅಲ್ಲಿನ ನೀರಿನಲ್ಲಿ ಕಬ್ಬಿಣದ ಅಂಶ ಹೆಚ್ಚಿರುವುದರಿಂದ ಹಕ್ಕಳೆ ಕೆಂಪು. ಚಿಕ್ಕ ಜಾಗ, ಅರ್ಧ ಗಂಟೆ ಸಾಕು.

ಅದಕ್ಕಿಂತ ಮುಖ್ಯವಾದದ್ದು ಡೆನಿಜ್ಲಿಗೆ ಮರಳುವ ದಾರಿಯಲ್ಲೇ ಸಿಗುವ ಲವೊದಿಕೀಯ ಎಂಬ ಪ್ರಾಚೀನ ನಗರ. ಬೈಬಲಿನ ಪ್ರಕಟನೆ ಗ್ರಂಥದಲ್ಲಿ ಹೆಸರಿಸಿದ ಏಳು ಸಭೆಗಳ ಊರುಗಳಲ್ಲಿ ಇದೂ ಒಂದು. ಬಿಸಿಯೂ ಅಲ್ಲದ ತಣ್ಣಗೂ ಇಲ್ಲದ ಉಗುರುಬೆಚ್ಚಗಿನವರು ಎಂದು ಬೈಸಿಕೊಂಡವರು ಇಲ್ಲಿಯವರೇ. ಪಾಮುಕ್ಕಲೆ ವಿಶ್ವವಿದ್ಯಾಲಯದ ತಂಡ 2003ರಿಂದ ಇಲ್ಲಿ ಅಗೆಯುತ್ತಿದೆ, ಪ್ರತಿ ವರ್ಷ ಹೊಸ ಕಂಬಗಳು ಎದ್ದು ನಿಲ್ಲುತ್ತಿವೆ. ಚಾಲಕನಿಗೆ ಮೊದಲೇ ಹೇಳಿದರೆ ಹೆದ್ದಾರಿಯ ತಿರುವಿನಲ್ಲಿ ಇಳಿಸುತ್ತಾನೆ. ಅಲ್ಲಿಂದ ಸ್ವಲ್ಪ ದೂರ ನಡೆದು ಹೋಗಬೇಕು. ಎರಡು ಗಂಟೆಯನ್ನಾದರೂ ಇಟ್ಟುಕೊಳ್ಳಿ. ದಕ್ಷಿಣದ ಬುಗ್ಗೆಗಳಿಂದ ನಗರಕ್ಕೆ ನೀರು ತರುತ್ತಿದ್ದ ಕೊಳವೆಗಳ ಚೂರುಗಳನ್ನು ಹುಡುಕಿ ನೋಡಿ: ಒಳಗೆ ಪದರದ ಮೇಲೆ ಪದರ ಸುಣ್ಣ ಕಟ್ಟಿ, ಕೆಲವು ಕಡೆ ಬೆರಳು ತೂರುವಷ್ಟೇ ಕಂಡಿ ಉಳಿದಿದೆ. ನೋಡಿ ಮುಗಿದ ಮೇಲೆ ಅದೇ ತಿರುವಿಗೆ ಬಂದು ಕೈ ಅಡ್ಡ ಹಾಕಿದರೆ ಡೆನಿಜ್ಲಿಯ ಡೊಲ್ಮುಷ್ ನಿಲ್ಲುತ್ತದೆ.